ಹಡಗಿಂದ ದಡಕ್ಕೆ ಇಳಿಯೋವಾಗ ನೀರಿನ ಬಾಟ್ಲು: ಯಾವ್ದು ತಗೋಬೇಕು, ಎಲ್ಲಿ ತುಂಬಿಸ್ಬೇಕು

[ಅಡುಗೆಮನೆ ಕಟ್ಟೆ. ನಾಲ್ಕು ಥರದ ನೀರಿನ ಬಾಟ್ಲು, ಪಕ್ಕದಲ್ಲಿ ಅಜ್ಜಿ ಕಾಲದ ಹಿತ್ತಾಳೆ ಕಿಂಡಿ, ಅಂದ್ರೆ ಮೂತಿ ಇರೋ ನೀರಿನ ಪಾತ್ರೆ. ಹೊರಗೆ ಮಳೆ.]

ಎಲ್ಲರಿಗೂ ನಮಸ್ಕಾರ, ಮಡಿಕೇರಿಯಿಂದ ಮಾತಾಡ್ತಿದೀನಿ. ಮೂರು ದಿನದಿಂದ ಮಳೆ ಬಿಟ್ಟಿಲ್ಲ, ಶೀಟ್ ಮೇಲೆ ಬೀಳೋ ಸದ್ದು ರೆಕಾರ್ಡಿಂಗಲ್ಲೂ ಬರ್ತಿದೆ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.

ಸಮುದ್ರನೇ ಇಲ್ಲದ ಜಿಲ್ಲೆಯಲ್ಲಿ ಕೂತ್ಕೊಂಡು ಕ್ರೂಸ್, ಅಂದ್ರೆ ಹಡಗಿನ ಪ್ರವಾಸದ ಬಗ್ಗೆ ಯಾಕಪ್ಪಾ ವಿಡಿಯೋ ಅಂದ್ರೆ, ನಮ್ಮ ರಸ್ತೆಯಲ್ಲೇ ಮೂರು ಮನೆಯವರು ಹೋಗಿ ಬಂದಿದಾರೆ, ಕಾಫಿ ಕೊಯ್ಲು ಮುಗಿದು ಕೈಗೆ ದುಡ್ಡು ಬಂದ್ಮೇಲೆ ಒಬ್ರು ಸಿಂಗಾಪುರದಿಂದ, ಇನ್ನೊಬ್ರು ಮುಂಬೈಯಿಂದ ಲಕ್ಷದ್ವೀಪಕ್ಕೆ, ಮತ್ತೊಬ್ರು ಮಗಳ ಜೊತೆ ಇಟಲಿ ಕಡೆ. ಸಿಂಗಾಪುರದಿಂದ ಹೋದೋರು ನಮ್ಮ ಚಿಕ್ಕಪ್ಪ ಚಿಕ್ಕಮ್ಮ. ಅವರ ಹಡಗು ಥಾಯ್ಲೆಂಡಿನ ಫುಕೆಟ್‌ನಲ್ಲಿ ನಿಂತಾಗ ದಡಕ್ಕಿಳಿದು ಬಸ್ಸಲ್ಲಿ ಊರು ಸುತ್ತಿದ್ರಂತೆ, ಮಧ್ಯಾಹ್ನ ಊಟಕ್ಕೆ ಇಳಿದಾಗ ಬಸ್ ಬದಲಾಯ್ತು, ಚಿಕ್ಕಮ್ಮನ ಬಾಟ್ಲು ಹಳೇ ಬಸ್ಸಲ್ಲೇ ಉಳೀತು. ಆಮೇಲೆ ಸಂಜೆವರೆಗೆ ಐದು ಪ್ಲಾಸ್ಟಿಕ್ ಬಾಟ್ಲು ಕೊಂಡ್ರು, ಎಲ್ಲಾನೂ ಅರ್ಧರ್ಧ ಕುಡಿದು ಅಲ್ಲಲ್ಲೇ ಬಿಟ್ಟಿದ್ದು. ವಾಪಸ್ ಬಂದ್ಮೇಲೆ ಅವ್ರು ಹೇಳಿದ್ದು ನಂಗೆ ಇನ್ನೂ ನೆನಪಿದೆ, "ನಮ್ಮ ಮಾಂದಲಪಟ್ಟಿಗೆ ಬಂದು ಬಾಟ್ಲು ಎಸೆದು ಹೋಗ್ತಾರಲ್ಲ ಮಗಾ, ನಾವೂ ಅಲ್ಲಿ ಹೋಗಿ ಅದನ್ನೇ ಮಾಡಿದ್ವಿ."

ಆ ಮಾತು ತಲೇಲಿ ಕೂತ್ಬಿಟ್ಟಿದೆ. ಅಬ್ಬಿ ಫಾಲ್ಸ್ ದಾರಿ, ದುಬಾರೆ ಹೊಳೆ ದಡ, ಎಲ್ಲಾ ಕಡೆ ಬಾಟ್ಲು ಹೆಕ್ಕೋರು ನಮ್ಮೂರಿನೋರು. ಹಾಗಿರೋವಾಗ ನಾವು ಟೂರಿಸ್ಟ್ ಆಗಿ ಬೇರೆಯವರ ಊರಿಗೆ ಇಳಿಯೋ ದಿನ ಒಂದು ಬಾಟ್ಲು ನೆಟ್ಟಗೆ ಹಿಡ್ಕೊಂಡು ಹೋಗೋದು ಹೇಗೆ ಅಂತ ಕೂತು ವಿಚಾರಿಸಿ, ಹೋಗಿ ಬಂದೋರ್ನೆಲ್ಲ ಕೇಳಿ ಈ ವಿಡಿಯೋ ಮಾಡಿದೀನಿ.

[ಕಟ್. ಮೇಜಿನ ಮೇಲೆ ಹಡಗಿನ ಕ್ಯಾಬಿನ್ ಫೋಟೋ.]

ಎಲ್ಲರೂ ಫಸ್ಟ್ ಕೇಳೋದು ಹಡಗಿನ ನಲ್ಲಿ ನೀರು ಕುಡೀಬಹುದಾ ಅಂತ. ದೊಡ್ಡ ಕ್ರೂಸ್ ಹಡಗಲ್ಲಿ ಕುಡೀಬಹುದು. ನಡು ಸಮುದ್ರದಲ್ಲಿ ಹೋಗ್ತಾ ಇರೋವಾಗ ಹಡಗು ಕಡಲ ನೀರನ್ನೇ ಎಳ್ಕೊಂಡು ಸಿಹಿನೀರು ಮಾಡ್ಕೊಳ್ಳುತ್ತೆ. ಒಂದು ವಿಧಾನ ನಮ್ಮ ಮನೇಲಿರೋ ಆರ್‌ಓ ಫಿಲ್ಟರ್ ಥರದ್ದೇ, ಗಾತ್ರ ಮಾತ್ರ ಭಾರಿ. ಇನ್ನೊಂದು ವಿಧಾನದಲ್ಲಿ ಇಂಜಿನ್ ಬಿಸಿ ಸುಮ್ನೆ ಹೋಗ್ತಿರುತ್ತಲ್ಲ, ಅದನ್ನ ಬಳಸ್ಕೊಂಡು ಕಡಲ ನೀರನ್ನ ಆವಿ ಮಾಡಿ, ಆ ಆವಿನ ತಣ್ಣಗೆ ಮಾಡಿ ನೀರು ಹಿಡೀತಾರೆ. ಒಳಗೆ ಗಾಳಿ ಒತ್ತಡ ಕಡಿಮೆ ಇಟ್ಟಿರ್ತಾರೆ, ಅದಕ್ಕೇ ನೂರು ಡಿಗ್ರಿಗಿಂತ ಎಷ್ಟೋ ಕಮ್ಮಿ ಬಿಸಿಗೇ ನೀರು ಕುದಿಯುತ್ತೆ. ಆಮೇಲೆ ಖನಿಜ ಸೇರಿಸಿ ಕ್ಲೋರಿನ್ ಹಾಕ್ತಾರೆ. ಅಮೆರಿಕದ ಬಂದರಿಗೆ ಹೋಗೋ ಹಡಗುಗಳಿಗಂತೂ ಅಲ್ಲಿನ ಆರೋಗ್ಯ ಇಲಾಖೆ ಲೆಕ್ಕ ಇಟ್ಟಿದೆ, ಹಡಗಿನ ಕಟ್ಟಕಡೆ ನಲ್ಲಿಯಲ್ಲೂ 0.2 ಪಿಪಿಎಂಗಿಂತ (ಹತ್ತು ಲಕ್ಷ ಭಾಗ ನೀರಿಗೆ 0.2 ಭಾಗ) ಕಮ್ಮಿ ಕ್ಲೋರಿನ್ ಇರೋ ಹಾಗಿಲ್ಲ, 5 ಪಿಪಿಎಂ ದಾಟೋ ಹಾಗೂ ಇಲ್ಲ. ಬಾವಿ ನೀರು ಕುಡಿದು ಬೆಳೆದ ನಮ್ಮ ನಾಲಿಗೆಗೆ ಆ ಕ್ಲೋರಿನ್ ವಾಸನೆ ಹೊಡೆಯುತ್ತೆ ಅನ್ನೋದು ನಿಜ. ರಾತ್ರಿನೇ ತುಂಬಿಸಿ ಕ್ಯಾಬಿನ್ ಫ್ರಿಡ್ಜಲ್ಲಿ ಇಟ್ರೆ ಅಷ್ಟಾಗಿ ಗೊತ್ತಾಗಲ್ಲ.

ಅಂದ್ರೆ ಹಡಗಿಂದ ಇಳಿಯೋ ಬಾಗಿಲ ಹತ್ರ ನೀರಿನ ಬಾಟ್ಲು ಮಾರ್ತಾ ಇರ್ತಾರಲ್ಲ, ಅದನ್ನ ಕೊಳ್ಳೋ ಅವಶ್ಯಕತೆ ಇಲ್ಲ. ರೂಮಲ್ಲೇ ನೀರಿದೆ.

ತುಂಬಿಸೋ ರೀತಿ ಮಾತ್ರ ಬಹಳ ಮುಖ್ಯ, ಇಲ್ಲಿ ನಮ್ಮೋರು ತುಂಬಾ ಜನ ತಪ್ಪು ಮಾಡ್ತಾರೆ.

[ಕಿಂಡಿ ಕೈಗೆತ್ತಿಕೊಂಡು.]

ಇದನ್ನ ನೋಡಿ. ಕಿಂಡಿಗೆ ಯಾಕೆ ಈ ಮೂತಿ? ಬಾಯಿ ತಾಗಿಸ್ದೆ ಎತ್ತಿ ಕುಡೀಲಿ ಅಂತ. ಒಬ್ಬರ ಎಂಜಲು ಇನ್ನೊಬ್ಬರಿಗೆ ಹೋಗ್ಬಾರ್ದು ಅಂತ ನಮ್ಮ ಅಜ್ಜಿಯಂದಿರು ಕಣ್ಣಿಟ್ಟು ಕಾಯ್ತಿದ್ರು. ಹಡಗಿನ ಬಫೆ ಹಾಲಲ್ಲಿ ನೀರಿನ ಮೆಷಿನ್ ಪಕ್ಕ ಎಷ್ಟೋ ಕಡೆ ಒಂದು ಬೋರ್ಡ್ ಇರುತ್ತೆ, ನಿಮ್ಮ ಬಾಟ್ಲನ್ನ ನೇರ ಇಲ್ಲಿ ಹಿಡೀಬೇಡಿ ಅಂತ, ಅದೂ ಇದೇ ಎಂಜಲು ಲೆಕ್ಕನೇ. ನೀವು ಬಾಯಿಟ್ಟು ಕುಡಿದ ಬಾಟ್ಲಿನ ಅಂಚು ಮೆಷಿನ್ ಮೂತಿಗೆ ತಾಗಿದ್ರೆ ನಿಮ್ಮ ಹಿಂದೆ ನಿಂತಿರೋ ನೂರು ಜನಕ್ಕೆ ಅದು ಹೋಗುತ್ತೆ. ಹಡಗಲ್ಲಿ ನೊರೋವೈರಸ್ ಅಂತ ವಾಂತಿಭೇದಿ ಕಾಯಿಲೆ ಹರಡಿದ ಸುದ್ದಿ ಕೇಳಿರ್ತೀರ, ಅದು ಹರಡೋಕೆ ತೀರಾ ಸ್ವಲ್ಪ ವೈರಸ್ ಸಾಕು, ಕೈಯಿಂದ, ಮುಟ್ಟಿದ ಜಾಗದಿಂದ ದಾಟ್ಕೊಂಡು ಹೋಗುತ್ತೆ, ಸ್ಯಾನಿಟೈಸರ್‌ಗೆ ಅಷ್ಟಾಗಿ ಬಗ್ಗಲ್ಲ, ಸೋಪು ನೀರಲ್ಲೇ ಕೈ ತೊಳೀಬೇಕು. ಹಾಗಾಗಿ ಮೊದ್ಲು ಹಡಗಿನ ಲೋಟದಲ್ಲಿ ನೀರು ಹಿಡ್ಕೊಂಡು ಆ ಲೋಟದಿಂದ ಬಾಟ್ಲಿಗೆ ಹುಯ್ಕೊಳ್ಳಿ. ಐಸ್ ಬೇಕಿದ್ರೂ ಅಲ್ಲಿರೋ ಚಮಚದಲ್ಲೇ ತಗೊಳ್ಳಿ, ಬಾಟ್ಲನ್ನ ಐಸೊಳಗೆ ಅದ್ದಬೇಡಿ. ಹೊಸ ಹಡಗುಗಳಲ್ಲಿ ಬಾಟ್ಲು ತುಂಬಿಸೋಕೇ ಬೇರೆ ಮೆಷಿನ್ ಇಟ್ಟಿರ್ತಾರೆ, ಕೆಳಗೆ ಬಾಟ್ಲಿಟ್ರೆ ತಾನೇ ನೀರು ಬೀಳುತ್ತೆ, ಅಲ್ಲಿ ತೊಂದ್ರೆ ಇಲ್ಲ. ಕ್ಯಾಬಿನ್ ಬಾತ್‌ರೂಮ್ ಬೇಸಿನ್ ಚಿಕ್ಕದು, ಉದ್ದನೆ ಬಾಟ್ಲು ನಲ್ಲಿ ಕೆಳಗೆ ಹಿಡಿಯೋದೇ ಇಲ್ಲ, ಅಲ್ಲೂ ಲೋಟನೇ ಗತಿ.

[ನಾಲ್ಕು ಬಾಟ್ಲುಗಳ ಕ್ಲೋಸಪ್.]

ಈಗ ಬಾಟ್ಲು. ಕೂಲ್ ಡ್ರಿಂಕ್ಸ್ ಖಾಲಿಯಾದ ಬಾಟ್ಲು ತೊಳೆದು ತೋಟಕ್ಕೆ ನೀರು ಒಯ್ಯೋದು ನಮ್ಮಲ್ಲಿ ಎಲ್ಲರ ಮನೇಲೂ ಇದೆ. ನಮ್ಮನೇಲೂ ಇತ್ತು. ಬಿಸಾಡೋದಕ್ಕಿಂತ ವಾಸಿ ಅನ್ನೋದು ಸರಿ, ಆದ್ರೆ ಅದರ ಕತ್ತು ಸಣ್ಣ, ಬ್ರಷ್ ಒಳಗೆ ಹೋಗಲ್ಲ, ಬಿಸಿನೀರು ಹಾಕಿದ್ರೆ ಸೊಟ್ಟಗಾಗುತ್ತೆ, ನಾವು ಜೀರಿಗೆ ನೀರು ಕುದಿಸಿ ಕುಡಿಯೋ ಜನ ಬೇರೆ. ಅದು ಬೇಡ. ತಾಮ್ರದ ಬಾಟ್ಲು ಮನೇಲಿರ್ಲಿ, ಪ್ರವಾಸದಲ್ಲಿ ಯಾರಾದ್ರೂ ನಿಂಬೆ ಜ್ಯೂಸ್ ಹುಯ್ದ್ರೆ ಹುಳಿಗೆ ತಾಮ್ರ ಬಿಟ್ಕೊಳ್ಳುತ್ತೆ, ಬಿದ್ರೆ ಬೇಗ ನೆಗ್ಗು ಬೀಳುತ್ತೆ. ಮಡಚೋ ಸಿಲಿಕೋನ್ ಬಾಟ್ಲು ಜೇಬಲ್ಲಿ ಕೂರುತ್ತೆ, ಆದ್ರೆ ನನ್ನ ಹತ್ರ ಇದ್ದಿದ್ದು ಎಷ್ಟು ತೊಳೆದ್ರೂ ರಬ್ಬರ್ ವಾಸನೆ ಬಿಡ್ಲಿಲ್ಲ.

ಉಳಿದಿದ್ದು ಸ್ಟೀಲ್. ತಳದಲ್ಲಿ 304 ಅಂತಲೋ 18/8 ಅಂತಲೋ ಬರೆದಿರುತ್ತೆ, ಎರಡೂ ಒಂದೇ ಜಾತಿ, ನೂರಕ್ಕೆ ಸುಮಾರು 18 ಭಾಗ ಕ್ರೋಮಿಯಂ 8 ಭಾಗ ನಿಕ್ಕಲ್, ಅದಕ್ಕೇ ತುಕ್ಕು ಹಿಡಿಯಲ್ಲ. ಇದರಲ್ಲಿ ಒಂದೇ ಪದರದ್ದು ಹಗುರ, ಎರಡು ಪದರದ್ದು ಭಾರ ಆದ್ರೆ ತಣ್ಣಗಿಡುತ್ತೆ. ಎರಡು ಪದರದ ಮಧ್ಯೆ ಗಾಳಿ ತೆಗೆದಿರ್ತಾರೆ, ಬಿಸಿ ದಾಟೋಕೆ ಮಧ್ಯೆ ಏನೂ ಇಲ್ಲ. 1892ರಲ್ಲಿ ಜೇಮ್ಸ್ ಡ್ಯೂವರ್ ಅನ್ನೋ ಸ್ಕಾಟ್ಲೆಂಡಿನ ವಿಜ್ಞಾನಿ ವಿಪರೀತ ತಣ್ಣಗಿರೋ ದ್ರವಗಳನ್ನ ಹಾಗೇ ಇಟ್ಕೊಳ್ಳೋಕೆ ಮಾಡಿದ ಉಪಾಯ ಇದು. ಅಂಗಡಿಯಲ್ಲಿ ಎಲ್ಲಾ ಬಾಟ್ಲಿಗೂ ಗಾಳಿ ತೆಗೆದಿದೆ, ನಿರ್ವಾತ ಇದೆ ಅಂತ ಬರೆದಿರ್ತಾರೆ, ನಂಬ್ಬೇಡಿ, ಮನೆಗೆ ತಂದು ಕುದಿಯೋ ನೀರು ಹಾಕಿ ಹತ್ತು ನಿಮಿಷ ಬಿಟ್ಟು ಹೊರಗೆ ಮುಟ್ಟಿ ನೋಡಿ, ಮೈ ಬೆಚ್ಚಗಾಗಿದ್ರೆ ಒಳಗೆ ನಿರ್ವಾತ ಇಲ್ಲ, ವಾಪಸ್ ಕೊಡಿ.

ಸೈಜ್ ವಿಷಯಕ್ಕೆ ಬಂದ್ರೆ ಒಂದು ಲೀಟರ್ ನೀರು ಅಂದ್ರೇನೇ ಒಂದು ಕೆಜಿ, ಅದರ ಮೇಲೆ ಬಾಟ್ಲು ತೂಕ. ಅರವತ್ತು ದಾಟಿದೋರು ಏಳೆಂಟು ಗಂಟೆ ಹೆಗಲಿಗೆ ಹಾಕ್ಕೊಂಡು ತಿರುಗೋಕೆ ಆಗುತ್ತಾ? ಗಂಡ ಹೆಂಡತಿಗೆ ಒಂದು ದೊಡ್ಡದು ಅನ್ನೋ ಬದ್ಲು 600 ಎಂಎಲ್‌ದು ಒಬ್ಬೊಬ್ರಿಗೆ ಒಂದೊಂದು ಇರ್ಲಿ, ಒಂದು ಕಳೆದ್ರೂ ಇನ್ನೊಂದು ಉಳಿಯುತ್ತೆ. ಬಾಟ್ಲಿನ ಮೈಮೇಲೆ ಫೋನ್ ನಂಬರಿನ ಸ್ಟಿಕ್ಕರ್ ಹಚ್ಚಿ, ಕ್ಯಾಬಿನ್ ನಂಬರ್ ಮಾತ್ರ ಬರೀಬೇಡಿ, ಯಾರ ಕೈಗೆ ಸಿಗುತ್ತೋ ಗೊತ್ತಿಲ್ಲ. ಹೆಗಲಿಗೆ ಹಾಕೋ ಪಟ್ಟಿ ಇರ್ಲೇಬೇಕು, ಯಾಕಂದ್ರೆ ಲಕ್ಷದ್ವೀಪದ ಥರ ಜಾಗದಲ್ಲಿ ಹಡಗು ದೂರದಲ್ಲೇ ಲಂಗರು ಹಾಕುತ್ತೆ, ಅಲ್ಲಿಂದ ಸಣ್ಣ ಬೋಟಿಗೆ ಹತ್ತಬೇಕು, ಬೋಟು ಅಲೆಗೆ ಮೇಲೆ ಕೆಳಗೆ ಆಗ್ತಿರುತ್ತೆ, ಎರಡೂ ಕೈ ಖಾಲಿ ಇರ್ಬೇಕು.

ಲಕ್ಷದ್ವೀಪದ ಮಾತು ಬಂತಲ್ಲ, ಇದನ್ನ ಸ್ವಲ್ಪ ವಿವರವಾಗಿ ಹೇಳ್ಬೇಕು. ಅಲ್ಲಿ ಹೊಳೆ ಇಲ್ಲ, ತೋಡು ಇಲ್ಲ. ಮಳೆನೀರು ಮರಳೊಳಗೆ ಇಳಿದು ಕೆಳಗಿರೋ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲ್ತಾ ಇರುತ್ತೆ, ಬಾವಿಯಿಂದ ಜಾಸ್ತಿ ಎತ್ತಿದ್ರೆ ಉಪ್ಪು ಮೇಲೆ ಬರುತ್ತೆ. 2005ರಲ್ಲಿ ಅಲ್ಲಿನ ಕವರಟ್ಟಿ ದ್ವೀಪದಲ್ಲಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಒಂದು ಘಟಕ ಕಟ್ಟಿದ್ರು, ದಿನಕ್ಕೆ 1 ಲಕ್ಷ ಲೀಟರ್. ಮೇಲಿನ ಬೆಚ್ಚಗಿನ ಕಡಲ ನೀರನ್ನ ಕಡಿಮೆ ಒತ್ತಡದಲ್ಲಿ ಆವಿ ಮಾಡಿ, 300 ಮೀಟರ್‌ಗಿಂತ ಆಳದಿಂದ ತಣ್ಣೀರು ಎತ್ತಿ ಆ ಆವಿನ ನೀರು ಮಾಡೋದು, ಹಡಗಿನ ಇಂಜಿನ್ ಪಕ್ಕ ನಡೆಯೋ ಕೆಲಸದ ಅಣ್ಣನೇ ಅನ್ನಿ. ವರ್ಷಕ್ಕೆ ಆರು ತಿಂಗಳು ಮಳೆ ನೋಡೋ ನಮಗೆ ಒಂದು ಲೋಟ ನೀರಿಗೆ ಅಷ್ಟು ಕಷ್ಟ ಅಂತ ಯೋಚ್ನೆನೇ ಬರಲ್ಲ. ಅಲ್ಲಿ ನೀವು ಬಿಟ್ಟ ಖಾಲಿ ಬಾಟ್ಲು ಎಲ್ಲಿಗೆ ಹೋಗುತ್ತೆ ಹೇಳಿ, ಕೆಲವೇ ಚದರ ಕಿಲೋಮೀಟರ್ ದ್ವೀಪ, ಗುಂಡಿ ತೋಡೋಕೂ ಜಾಗ ಇಲ್ಲ. ಹಡಗಿಂದ ಸಮುದ್ರಕ್ಕೆ ಪ್ಲಾಸ್ಟಿಕ್ ಎಸೆಯೋ ಹಾಗಿಲ್ಲ ಅಂತ 1988ರ ಡಿಸೆಂಬರ್ 31ರಿಂದಲೇ ಅಂತಾರಾಷ್ಟ್ರೀಯ ನಿಯಮ ಇದೆ, ಆ ನಿಯಮ ಹಡಗಿಗೆ. ದಡಕ್ಕೆ ಇಳಿದ ಪ್ರಯಾಣಿಕನ ಕೈಯಲ್ಲಿರೋ ಬಾಟ್ಲನ್ನ ಕಾಯೋರು ಯಾರೂ ಇಲ್ಲ.

[ರೋಮ್ ಬೀದಿ ನಲ್ಲಿಯ ಚಿತ್ರ.]

ಯುರೋಪ್ ಕಡೆ ಹೋಗೋರಿಗೆ ಖುಷಿ ವಿಷಯ ಇದೆ. ರೋಮ್ ನೋಡೋಕೆ ಹಡಗು ನಿಲ್ಲೋದು ಚಿವಿಟವೆಕ್ಕಿಯಾ ಬಂದರಲ್ಲಿ, ಅಲ್ಲಿಂದ ಊರು ಎಪ್ಪತ್ತೆಂಬತ್ತು ಕಿಲೋಮೀಟರ್. ರೋಮ್ ಬೀದಿಬೀದಿಯಲ್ಲಿ ನಸೋನಿ ಅಂತ ಕಬ್ಬಿಣದ ನಲ್ಲಿ ಕಂಬಗಳಿವೆ, ದೊಡ್ಡ ಮೂಗು ಅಂತ ಅರ್ಥ, 1874ರಿಂದ ಹಾಕೋಕೆ ಶುರು ಮಾಡಿದ್ದು, ಈಗ ಸುಮಾರು 2,500 ಇವೆ, ಕುಡಿಯೋ ನೀರು, ಪುಕ್ಕಟೆ. ಮೂಗಿನ ತುದಿನ ಬೆರಳಿಂದ ಮುಚ್ಚಿದ್ರೆ ಮೇಲಿರೋ ಸಣ್ಣ ತೂತಿಂದ ನೀರು ಚಿಮ್ಮುತ್ತೆ, ಬಾಯಿ ತಾಗಿಸ್ದೆ ಕುಡೀಬಹುದು, ಮತ್ತೆ ನಮ್ಮ ಕಿಂಡಿನೇ ನೆನಪಾಗುತ್ತೆ. ಕ್ರೊಯೇಷಿಯಾದ ಡುಬ್ರೊವ್ನಿಕ್‌ನಲ್ಲಿ ಒನೊಫ್ರಿಯೋ ಕಾರಂಜಿ ಇದೆ, 1438ರದ್ದು, ನಮ್ಮ ಕಾರ್ಕಳದ ಬಾಹುಬಲಿ ನಿಂತಿದ್ದು 1432ರಲ್ಲಿ, ಅದಾಗಿ ಆರೇ ವರ್ಷ, ಇವತ್ತಿಗೂ ಜನ ಅಲ್ಲಿ ಬಾಟ್ಲು ತುಂಬಿಸ್ತಾರೆ. ಆದ್ರೆ ಎಲ್ಲಾ ಕಾರಂಜಿಗೂ ಬಾಟ್ಲು ಹಿಡೀಬೇಡಿ, ಇಟಲಿಯಲ್ಲಿ 'ನಾನ್ ಪೊಟಾಬಿಲೆ' ಅಂತ ಬರೆದಿದ್ರೆ ಕುಡಿಯೋಕಲ್ಲ. ಸಿಂಗಾಪುರದಲ್ಲಿ ನಲ್ಲಿ ನೀರು ಧೈರ್ಯವಾಗಿ ಕುಡೀರಿ. ಫುಕೆಟ್‌ನಲ್ಲಿ ಬೇಡ, ಗ್ರೀಸ್‌ನ ಸ್ಯಾಂಟೊರಿನಿಯಲ್ಲೂ ಬೇಡ, ಅಲ್ಲೆಲ್ಲ ಹಡಗಿಂದ ತುಂಬಿಸ್ಕೊಂಡು ಇಳಿದಿದ್ದೇ ನೀರು.

ಅಂದಹಾಗೆ ನೀರು ಒಯ್ಯೋದಕ್ಕೆ ಅಡ್ಡಿ ಇಲ್ಲ, ಹಡಗಿನ ಬಫೆಯಿಂದ ಹಣ್ಣು ತಿಂಡಿ ಚೀಲಕ್ಕೆ ಹಾಕ್ಕೊಂಡು ಇಳಿಯೋ ಹಾಗಿಲ್ಲ, ಮನೆಯಿಂದ ತಂದ ಕೊಡಗಿನ ಕಿತ್ತಳೆ ಆದ್ರೂ ಎಷ್ಟೋ ದೇಶಕ್ಕೆ ಬಿಡಲ್ಲ, ಆಸ್ಟ್ರೇಲಿಯಾ ನ್ಯೂಜಿಲೆಂಡ್‌ನಲ್ಲಂತೂ ದಂಡ ಬೀಳುತ್ತೆ. ವಾಪಸ್ ಹತ್ತೋವಾಗ ಬ್ಯಾಗ್ ಸ್ಕ್ಯಾನ್ ಆಗುತ್ತೆ, ಬಾಟ್ಲಲ್ಲಿ ಏನೋ ಇದ್ರೆ ತೆಗೆಸಿ ಮೂಸಿ ನೋಡ್ತಾರೆ, ಯಾಕಂದ್ರೆ ಹೊರಗಿಂದ ಮದ್ಯ ತರೋಕೆ ಬಿಡಲ್ಲ. ಮಡಿಕೇರಿ ಹೋಮ್‌ಮೇಡ್ ವೈನ್ ಬಾಟ್ಲಿಗೆ ತುಂಬಿಸ್ಕೊಂಡು ಹೋಗೋ ಐಡಿಯಾ ಇದ್ರೆ ಈಗ್ಲೇ ಬಿಡಿ.

ಇನ್ನೊಂದು, ಇದು ಹೆಂಗಸರಿಗೆ ಮುಖ್ಯವಾಗಿ. ಟಾಯ್ಲೆಟ್ ಎಲ್ಲಿ ಸಿಗುತ್ತೋ ಅಂತ ಬಸ್ಸಲ್ಲಿ ನೀರೇ ಕುಡಿಯಲ್ಲ, ಬಾಟ್ಲು ತುಂಬಿದ್ದು ತುಂಬಿದ ಹಾಗೇ ವಾಪಸ್ ಬರುತ್ತೆ, ಸಂಜೆಗೆ ತಲೆನೋವು, ಕಾಲು ಸೆಳೆತ. ನಮ್ಮ ಚಳಿಗೆ ಒಗ್ಗಿದ ಮೈಗೆ ಆ ಬಂದರುಗಳ ಬಿಸಿಲು ತಡೆಯೋಕೆ ಕಷ್ಟ. ಗೈಡ್ ಹತ್ರ ಬಸ್ ಹತ್ತೋವಾಗ್ಲೇ ಕೇಳಿ, ಎಷ್ಟು ಹೊತ್ತಿಗೆ ಎಲ್ಲಿ ನಿಲ್ಲಿಸ್ತೀರಾ ಅಂತ, ನಾಚಿಕೆ ಬೇಡ. ಒಂದೇ ಸಲ ಗಟಗಟ ಕುಡಿಯೋ ಬದ್ಲು ಗುಟುಕು ಗುಟುಕು ಕುಡೀತಾ ಇರಿ, ಬ್ಯಾಗಲ್ಲಿ ಎರಡು ಓಆರ್‌ಎಸ್ ಪ್ಯಾಕೆಟ್ ಇರ್ಲಿ.

[ಬಾಟ್ಲಿನ ಮುಚ್ಚಳ, ರಿಂಗ್ ಬಿಡಿಸಿ ತೋರಿಸುತ್ತಾ.]

ಕ್ಲೀನಿಂಗ್. ನಮ್ಮ ಮಳೆಗಾಲದಲ್ಲಿ ಬೀರುವಿನ ಒಳಗಿರೋ ಬೆಲ್ಟು ಶೂಗೇ ಬೂಸ್ಟು ಬರುತ್ತೆ, ಮುಚ್ಚಳದೊಳಗಿನ ಈ ರಬ್ಬರ್ ರಿಂಗ್ ಬಿಡುತ್ತಾ? ಪಿನ್ನಲ್ಲಿ ಮೆಲ್ಲಗೆ ಎಬ್ಬಿಸಿ ನೋಡಿ, ಎಷ್ಟೋ ಜನರ ಬಾಟ್ಲಲ್ಲಿ ಅದರ ಹಿಂದೆ ಕಪ್ಪು ಕೂತಿರುತ್ತೆ. ರಿಂಗ್ ತೆಗೆಯೋಕೆ ಬರಲ್ಲ, ಕೈ ಅಥವಾ ಬ್ರಷ್ ಒಳಗೆ ಹೋಗಲ್ಲ ಅನ್ನೋ ಬಾಟ್ಲು ಎಷ್ಟು ಚೆಂದ ಇದ್ರೂ ಕೊಳ್ಳಬೇಡಿ. ಹಡಗಿಗೆ ಒಂದು ಸಣ್ಣ ಬ್ರಷ್, ಚೂರು ಪಾತ್ರೆ ತೊಳೆಯೋ ಸೋಪು ತಗೊಂಡು ಹೋಗಿ, ರಾತ್ರಿ ತೊಳೆದು ಮುಚ್ಚಳ ತೆಗೆದು ಬೋರಲು ಹಾಕಿ. ಕಲೆ ಇದ್ರೆ ಅಡುಗೆ ಸೋಡಾ ಬಿಸಿನೀರು ಸಾಕು, ಬ್ಲೀಚ್ ಹಾಕಿದ್ರೆ ಸ್ಟೀಲ್ ಹಾಳು.

ಚಿಕ್ಕಮ್ಮ ಚಿಕ್ಕಪ್ಪ ಮುಂದಿನ ತಿಂಗಳು ಮುಂಬೈಯಿಂದ ಮತ್ತೆ ಹೊರಟಿದಾರೆ. ಎರಡು ಸ್ಟೀಲ್ ಬಾಟ್ಲು ಪಟ್ಟಿ ಸಮೇತ ಆಗ್ಲೇ ಸೂಟ್‌ಕೇಸ್ ಮೇಲೆ ಕೂತಿದೆ. ವಿರಾಜಪೇಟೆ ದಾಟಿ ಮಾಕುಟ್ಟ ಘಾಟಿ ಇಳಿದು ಕಣ್ಣೂರು ಏರ್‌ಪೋರ್ಟಿಗೆ ಹೋಗೋವರೆಗೆ ಕುಡಿಯೋಕೆ ಮನೆ ಬಾವಿ ನೀರೇ ತುಂಬಿಸ್ಕೊಳ್ತಾರಂತೆ. ಸೆಕ್ಯುರಿಟಿ ಚೆಕ್‌ಗೆ ಮುಂಚೆ ಅದನ್ನ ಖಾಲಿ ಮಾಡಿ, ಒಳಗೆ ಹೋದ್ಮೇಲೆ ಮತ್ತೆ ತುಂಬಿಸ್ಕೊಳ್ತಾರಂತೆ. ಆ ಹೊತ್ತಿಗೆ ಫೋನ್ ಮಾಡಿ ನೆನಪಿಸು ಅಂತ ನಂಗೆ ಹೇಳಿದಾರೆ, ಬೆಳಿಗ್ಗೆ ಆರಕ್ಕೆ ಅಲಾರಂ ಇಟ್ಟಿದೀನಿ.