ಮಂಜೇಶ್ವರದ ಪಿನ್ ಕೋಡ್ ಒಡೆಯೋದೇ ಇಲ್ಲ!

[ಪರದೆ ಮೇಲೆ: ಪಾರ್ಸೆಲ್, ಸ್ಕೆಚ್ ಪೆನ್ನಿನಲ್ಲಿ ಬರೆದ 671323]

ನಮಸ್ಕಾರ. ಮೊನ್ನೆ ಮಂಜೇಶ್ವರದ ಅತ್ತೆ ಮನೆಗೆ ಪಾರ್ಸೆಲ್ ಕಳಿಸುವಾಗ ಈ ಸಂಖ್ಯೆ ಬರೆದೆ. ತಲೆಗೆ ಹುಳ ಬಿತ್ತು. ಇದು ಯಾವುದರಿಂದ ಭಾಗವಾಗುತ್ತದೆ?

ಪಿನ್ ಕೋಡ್ ಶುರುವಾದದ್ದು 1972ರ ಆಗಸ್ಟ್ 15ಕ್ಕೆ. ಮೊದಲ ಅಂಕಿ ವಲಯದ್ದು: ಕರ್ನಾಟಕಕ್ಕೆ 5, ಕೇರಳಕ್ಕೆ 6. ಮನೆಯಲ್ಲಿ ಕನ್ನಡವೋ ತುಳುವೋ, ನಮ್ಮ ಕಾಗದಕ್ಕೆ ಆರೇ ಗತಿ. ಆ ಮಾತು ಎತ್ತಿದರೆ ವಿಡಿಯೋ ಮುಗಿಯೋದಿಲ್ಲ, ಬಿಡಿ.

ಮೊದಲು ಕಾಸರಗೋಡು ಪೇಟೆಯದ್ದು, 671121. ಒಂದು ಬಿಟ್ಟು ಒಂದು ಅಂಕಿ ಕೂಡಿಸಿ. 6, 1, 2 ಸೇರಿ 9. ಉಳಿದ 7, 1, 1 ಸೇರಿದರೂ 9! ಹೀಗೆ ಸಮ ಬಂದರೆ 11ರಿಂದ ಭಾಗವಾಗುತ್ತದೆ. ಒಟ್ಟು 18, ಹಾಗಾಗಿ 9ರಿಂದಲೂ. ಅಂದರೆ 9 × 11 × 6779. ಇಷ್ಟು ಸಲೀಸು.

[ಪರದೆ ಮೇಲೆ: ಅಂಗಳದಲ್ಲಿ ಒಣಹಾಕಿದ ಅಡಿಕೆ]

ಮಂಜೇಶ್ವರ ಮಾತ್ರ ಜಗ್ಗಲಿಲ್ಲ. ಅಂಗಳದಲ್ಲಿ 671323 ಅಡಿಕೆ ಇದೆ ಅಂದುಕೊಳ್ಳಿ. ಸಮ ಸಾಲು ಹಾಕಬೇಕು. 7 ಸಾಲು ಹಾಕಿದರೆ 2 ಅಡಿಕೆ ಉಳಿಯುತ್ತದೆ. 13 ಸಾಲಿಗೆ 3. 127 ಸಾಲು ಹಾಕಿದಾಗ ಉಳಿದದ್ದು ಒಂದೇ ಒಂದು! ಅದನ್ನು ಬಾಯಿಗೆ ಹಾಕಿಕೊಂಡು ಲೆಕ್ಕ ಸರಿಯಾಯಿತು ಅನ್ನೋಣವೇ ಎಂದು ಒಂದು ಗಳಿಗೆ ಅನ್ನಿಸಿತು.

ಎಲ್ಲಿಯವರೆಗೆ ಸಾಲು ಹಾಕುತ್ತಾ ಕೂರುವುದು? 819ರವರೆಗೆ ಸಾಕು. 820ನ್ನು 820ರಿಂದ ಗುಣಿಸಿದರೆ 672400, ನಮ್ಮ ಅಡಿಕೆಗಿಂತ ಜಾಸ್ತಿ. ಸಾಲು 819 ದಾಟಿತು ಅಂದರೆ ಒಂದೊಂದು ಸಾಲಿನಲ್ಲಿ ಅಡಿಕೆ ಅದಕ್ಕಿಂತ ಕಮ್ಮಿ. ಆ ಜೋಡಣೆಯನ್ನು ನಾವು ಆಗಲೇ ನೋಡಿದ್ದೇವೆ. ಜಗಲಿಯಿಂದ ಎದ್ದು ಅಂಗಳದ ಆ ಬದಿಗೆ ಹೋಗಿ ನಿಂತು ನೋಡಿದ ಹಾಗೆ, ಅಷ್ಟೇ. ಅದೇ ಅಡಿಕೆ, ಅದೇ ಸಾಲು!

ಅವಿಭಾಜ್ಯ ಸಂಖ್ಯೆಗಳಿಂದ (1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದವು) ಮಾತ್ರ ಭಾಗಿಸಿದರೂ 141 ಭಾಗಾಕಾರ. ನಲವತ್ತರ ಹತ್ತಿರ ನನಗೆ ಸಾಕಾಯಿತು, ಉಳಿದದ್ದು ಕಂಪ್ಯೂಟರಿನ ಪಾಲಿಗೆ. ಒಂದರಲ್ಲೂ ಶೇಷ ಸೊನ್ನೆ ಬರಲಿಲ್ಲ. 671323 ಅವಿಭಾಜ್ಯ!

ಟೈಮ್ ಆಯಿತು, ಬೇಗ ಬೇಗ ಹೇಳಿಬಿಡುತ್ತೇನೆ. ಎರಡೇ ಅಂತರದಲ್ಲಿರುವ ಅವಿಭಾಜ್ಯಗಳಿಗೆ ಅವಳಿ ಎನ್ನುತ್ತಾರೆ, 11 ಮತ್ತು 13ರ ಹಾಗೆ. 3, 5ರ ಜೋಡಿ ಬಿಟ್ಟರೆ ಅವಳಿಗಳ ನಡುವೆ ಇರುವುದು ಯಾವಾಗಲೂ 6ರ ಮಗ್ಗಿಯದ್ದು. ಈಗ ನೋಡಿ: ಕುಂಬಳೆ 671321, ಉಪ್ಪಳ 671322, ಮಂಜೇಶ್ವರ 671323. ಮಂಗಳೂರು ಬಸ್ಸು ಹತ್ತಿದರೂ ಇದೇ ಕ್ರಮ. ನಡುವಿನ ಉಪ್ಪಳ 6ರಿಂದ ಸರಿಯಾಗಿ ಭಾಗವಾಗುತ್ತದೆ. ನನಗಂತೂ ಮೈ ಜುಂ ಅಂದಿತು. ಕುಂಬಳೆಯೊಂದು ಅವಿಭಾಜ್ಯವಾದರೆ ಸಾಕಿತ್ತು.

ಆಗಲಿಲ್ಲ. ಕುಂಬಳೆ 7 × 29 × 3307. ಕುಂಬಳೆಯವರು ಬೈಯಬೇಡಿ, ಭಾಗಿಸಿ ನೋಡಿ.