ಫಾಸ್ಡೆಮ್ ವ್ಲಾಗ್: ವಿಡಿಯೋ ಓಡಿಸೋ ಕೋಡ್ ಬರೆಯೋರ ಜೊತೆ ಬ್ರಸೆಲ್ಸ್‌ನಲ್ಲಿ

ಇದು ಬ್ರಸೆಲ್ಸ್‌ನ ಯುಎಲ್‌ಬಿ ಯೂನಿವರ್ಸಿಟಿ, ಸೋಲ್‌ಬೋಶ್ ಕ್ಯಾಂಪಸ್. ಓಪನ್ ಸೋರ್ಸ್, ಅಂದ್ರೆ ಯಾರು ಬೇಕಾದ್ರೂ ನೋಡಿ ತಿದ್ದಬಹುದಾದ ಸಾಫ್ಟ್‌ವೇರ್ ಬರೆಯೋರ ಸಮ್ಮೇಳನ ಫಾಸ್ಡೆಮ್ ನಡೀತಿದೆ. ಟಿಕೆಟ್ ಇಲ್ಲ, ರಿಜಿಸ್ಟ್ರೇಷನ್ ಇಲ್ಲ, ಸೀದಾ ಒಳಗೆ. ಜನ ಎಷ್ಟಿದಾರೆ ಅಂತ ನೀವೇ ನೋಡ್ತಿದೀರಲ್ಲ.

ಈಗ ಮೈಕ್ ಹಿಡಿದಿರೋರು ಡೇವಿಡ್ ಅನ್ನೋ ಹೆಸರಿನ ಡಿಕೋಡರ್ ಸಾಫ್ಟ್‌ವೇರ್ ಬರೆಯೋ ತಂಡದವರು. ವಿಎಲ್‌ಸಿ ವಿಡಿಯೋ ಪ್ಲೇಯರ್ ಮಾಡೋ ವಿಡಿಯೋಲ್ಯಾನ್ ಇದೆಯಲ್ಲ, ಅವರು 2018ರಲ್ಲಿ ಹೊರಗೆ ತಂದಿದ್ದು. ಎವಿ1 ಅಂದ್ರೆ ವಿಡಿಯೋನ ಕುಗ್ಗಿಸಿಡೋ ಒಂದು ಫಾರ್ಮ್ಯಾಟ್; ಹಾಗೆ ಕುಗ್ಗಿಸಿದ ವಿಡಿಯೋನ ಬಿಚ್ಚಿ ಪರದೆ ಮೇಲೆ ತೋರಿಸೋದು ಇದರ ಕೆಲಸ.

ಒಂದ್ನಿಮಿಷ. ಇವರ ತುಟಿಗೂ ಮಾತಿಗೂ ತಾಳೆ ಆಗ್ತಿದೆ ತಾನೆ? ಅದಕ್ಕೆ ನಾನು ಪಟ್ಟಿರೋ ಪಾಡು ಹೇಳ್ಲೇಬೇಕು. ಹಾಲ್‌ನಲ್ಲಿ ಬೆಳಕು ಕಮ್ಮಿ. ಬೆಳಕು ಕಮ್ಮಿ ಆದ್ರೆ ಫೋನು ಸೆಕೆಂಡಿಗೆ 30 ಫ್ರೇಮ್ ತೆಗೆಯೋದು ಬಿಟ್ಟು 24, 27 ಅಂತ ಮನಸ್ಸಿಗೆ ಬಂದಂಗೆ ತೆಗೆಯುತ್ತೆ. ಎಡಿಟಿಂಗ್ ಸಾಫ್ಟ್‌ವೇರ್ ಎಲ್ಲಾನೂ 30 ಅಂತ್ಲೇ ಲೆಕ್ಕ ಹಿಡಿಯುತ್ತೆ. ಆಡಿಯೋ ಮಾತ್ರ ತನ್ನ ಪಾಡಿಗೆ ಸರಿಯಾದ ವೇಗದಲ್ಲಿ ಓಡ್ತಿರುತ್ತೆ. ಮೊದಮೊದಲು ಏನೂ ಗೊತ್ತಾಗಲ್ಲ. ಬರ್ತಾ ಬರ್ತಾ ಚಿತ್ರ ಮುಂದೆ, ಮಾತು ಹಿಂದೆ. ಕೊನೇಲಂತೂ ಇವರು ನೀರು ಕುಡೀತಿದಾರೆ, ಮಾತು ಇನ್ನೂ ಬರ್ತಾನೇ ಇದೆ! ಕೆಟ್ಟ ಡಬ್ಬಿಂಗ್ ಸಿನಿಮಾ ತರ. ಕ್ಲಿಪ್ ಕತ್ತರಿಸು, ಆಡಿಯೋ ಎಳಿ, ಮತ್ತೆ ಕತ್ತರಿಸು... ದುಡ್ಡು ಕೊಟ್ಟು ತಗೊಂಡಿರೋ ಸಾಫ್ಟ್‌ವೇರ್ ರೀ ಇದು, ಇಷ್ಟೂ ನೋಡ್ಕೊಳ್ಳಲ್ಲ ಅಂದ್ರೆ ಸಿಟ್ಟು ಬರಲ್ವಾ? ಕೊನೆಗೆ ಎಫ್‌ಎಫ್‌ಎಂಪೆಗ್ ಅನ್ನೋ ವಿಡಿಯೋ ಸಾಫ್ಟ್‌ವೇರ್‌ಗೆ ಒಂದೇ ಸಾಲಿನ ಕಮಾಂಡ್ ಕೊಟ್ಟು ಫ್ರೇಮ್‌ಗಳನ್ನ ಸಮ ಮಾಡ್ದೆ, ಸರಿಹೋಯ್ತು. 2000ದಲ್ಲಿ ಫಾಬ್ರಿಸ್ ಬೆಲ್ಲಾರ್ ಶುರು ಮಾಡಿದ್ದು ಅದು, ಇವತ್ತಿಗೂ ಪುಕ್ಕಟೆ. ಅದನ್ನ ಬರೆಯೋರಲ್ಲೂ ಎಷ್ಟೋ ಜನ ಬಂದು ಕೂರೋದು ಇಂಥ ರೂಮುಗಳಲ್ಲೇ.

ಈಗ ಇವರು ತೋರಿಸ್ತಿರೋ ಸ್ಲೈಡಿಗೆ ಬರ್ತೀನಿ. ಅದರಲ್ಲಿರೋದು ಅಸೆಂಬ್ಲಿ ಕೋಡು, ಅಂದ್ರೆ ಚಿಪ್‌ನ ಭಾಷೆಗೆ ತೀರಾ ಹತ್ತಿರದ ಕೋಡು. ಕೋಡನ್ನ ಚಿಪ್‌ನ ಭಾಷೆಗೆ ತಾನಾಗೇ ತಿರುಗಿಸೋ ಕಂಪೈಲರ್‌ಗೆ ಎಲ್ಲಾನೂ ಬಿಡದೆ, ವೇಗ ಬೇಕಾದ ಕಡೆ ಕೈಯಲ್ಲೇ ಬರೀತಾರೆ. ಇಂಟೆಲ್ ಚಿಪ್‌ಗೆ ಬೇರೆ, ಆರ್ಮ್ ಚಿಪ್‌ಗೆ ಬೇರೆ. ಈ ಕಾಲದಲ್ಲಿ ಇದೆಲ್ಲ ದಂಡ ಅಂತಿದ್ದೆ ನಾನು. ಈಗ ಅನ್ನಲ್ಲ. ಎವಿ1ಗೆ ಅಂತ ಚಿಪ್ ಇಲ್ಲದ ಹಳೇ ಫೋನಲ್ಲಿ ವಿಡಿಯೋ ತಡವರಿಸದೆ ಓಡ್ಬೇಕಲ್ಲ? ತಿಪಟೂರಲ್ಲಿ ಅಪ್ಪ ಇಟ್ಕೊಂಡಿರೋದು ಅಂಥದ್ದೇ ಫೋನು.

ಅಪ್ಪ ಅಂದ್ಮೇಲೆ ನೆನಪಾಯ್ತು, ಅವರ ಕಂಪ್ಯೂಟರಲ್ಲಿ ಇರೋದು ವಿಎಲ್‌ಸಿ ಒಂದೇ ಪ್ಲೇಯರ್. 2022ರಲ್ಲಿ ವಿಡಿಯೋಲ್ಯಾನ್ ವೆಬ್‌ಸೈಟು ಇಂಡಿಯಾದಲ್ಲಿ ತಿಂಗಳುಗಟ್ಟಲೆ ಬ್ಲಾಕ್ ಆಗಿತ್ತು. ಇವರು ಲೀಗಲ್ ನೋಟಿಸ್ ಕಳಿಸಿದ್ರು, ನವೆಂಬರಲ್ಲಿ ತೆರೀತು. ಕೋಡ್ ಬರೆಯೋರು ಲಾಯರ್‌ಗಳ ಹಿಂದೆ ಓಡಾಡ್ಬೇಕಾ? ನನಗಂತೂ ಅದು ಅನ್ಯಾಯ ಅನ್ಸುತ್ತೆ. ವಿಡಿಯೋಲ್ಯಾನ್ ಶುರುವಾಗಿದ್ದು ನೋಡಿ, 1996ರಲ್ಲಿ ಪ್ಯಾರಿಸ್‌ನ ಎಕೋಲ್ ಸೆಂತ್ರಾಲ್ ಕಾಲೇಜಿನ ಹುಡುಗರು ಹಾಸ್ಟೆಲ್ ನೆಟ್‌ವರ್ಕ್‌ನಲ್ಲಿ ವಿಡಿಯೋ...

ಚಪ್ಪಾಳೆ ಬಂತು, ಶಾಟ್ ಮುಗೀತು. ಮುಂದಿನದು ಕೆ ಬಿಲ್ಡಿಂಗ್. ವಿಡಿಯೋಲ್ಯಾನ್‌ಗೆ ದೇಣಿಗೆ ಕೊಡೋ ಲಿಂಕ್ ಕೆಳಗಡೆ ಹಾಕಿದೀನಿ, ನಾನೂ ಕೊಟ್ಟಿದೀನಿ.