ಇಲ್ಲ ಅಂದವರು ಯಾರು?

ನಮಸ್ಕಾರ ಕೇಳುಗರೇ. ಕೊಡಗಿನಲ್ಲಿ ಕಾಫಿ ತೋಟ ಇರುವವರ ಮನೆಯಲ್ಲಿ ಮಳೆ ಲೆಕ್ಕದ ಒಂದು ಪುಸ್ತಕ ಇದ್ದೇ ಇರುತ್ತದೆ, ಅಲ್ವಾ? ಬೆಳಿಗ್ಗೆ ಎದ್ದು ಮಳೆ ಮಾಪಕ ನೋಡಿ ಇಷ್ಟು ಇಂಚು, ಇಷ್ಟು ಸೆಂಟು ಅಂತ ಬರೆಯುತ್ತೇವೆ. ಆ ಲೆಕ್ಕವನ್ನು ಫೋನಿನಲ್ಲಿ ಒತ್ತಿದರೆ ಮನೆಯ ಕಂಪ್ಯೂಟರಿಗೆ ತಾನಾಗಿ ಸೇರಲಿ ಅಂತ ನಾನೊಂದು ಪುಟ್ಟ ಪ್ರೋಗ್ರಾಂ ಬರೆದೆ. ಫೋನ್ ಹೇಳಿದ್ದು ಒಂದೇ ಮಾತು: ಕನೆಕ್ಷನ್ ರೆಫ್ಯೂಸ್ಡ್.

ಎರಡು ದಿನ ವೈಫೈ ಮೇಲೆ ಅನುಮಾನಪಟ್ಟೆ. ಅದು ತಪ್ಪು. ರೆಫ್ಯೂಸ್ಡ್ ಅಂತ ಬಂದರೆ ಯಾರೋ ಉತ್ತರ ಕೊಟ್ಟಿದ್ದಾರೆ ಅಂತ ಅರ್ಥ. ಕರೆ ಒಂದು ಯಂತ್ರಕ್ಕೆ ಮುಟ್ಟಿದೆ, ಆದರೆ ಕರೆದ ಪೋರ್ಟಿನಲ್ಲಿ, ಅಂದರೆ ಆ ಯಂತ್ರದ ಆ ನಂಬರಿನ ಬಾಗಿಲಲ್ಲಿ, ಕಿವಿಗೊಟ್ಟು ಕೂತ ಪ್ರೋಗ್ರಾಂ ಇಲ್ಲ, ಹಾಗಾಗಿ ತಕ್ಷಣ ಇಲ್ಲ ಅಂದಿದೆ. ಬೇಡದ ಕರೆಗಳನ್ನು ತಡೆಯುವ ಫೈರ್‌ವಾಲ್ ಅಡ್ಡ ನಿಂತಿದ್ದರೆ, ಇಲ್ಲವೇ ಫೋನ್ ವೈಫೈ ಬಿಟ್ಟು ಮೊಬೈಲ್ ಡೇಟಾಕ್ಕೆ ಹೋಗಿದ್ದರೆ, ಸಾಮಾನ್ಯವಾಗಿ ಉತ್ತರವೇ ಬರುವುದಿಲ್ಲ. ಸುಮ್ನೆ ಕಾದು ಕಾದು ಟೈಮ್‌ಔಟ್ ಆಗುತ್ತದೆ.

ಹಾಗಾದರೆ ಇಲ್ಲ ಅಂದವರು ಯಾರು? ನಾನು ಫೋನಿನಲ್ಲಿ ಬರೆದ ವಿಳಾಸ 127.0.0.1. ಅದು ಯಾವ ಯಂತ್ರದಲ್ಲಿ ಬರೆದರೂ ಅದೇ ಯಂತ್ರದ ವಿಳಾಸ. ಫೋನ್ ತನ್ನನ್ನೇ ಕರೆದು, ತಾನೇ ಇಲ್ಲ ಅಂದಿತ್ತು!

ಕಂಪ್ಯೂಟರಿನ ವಿಳಾಸ 192.168.1.5 ಹಾಕಿದೆ. ಮತ್ತೆ ರೆಫ್ಯೂಸ್ಡ್. ನಮ್ಮ ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಉಬುಂಟು ಇದೆ, ಯಾವ ಪ್ರೋಗ್ರಾಂ ಯಾವ ಪೋರ್ಟಿನಲ್ಲಿ ಕೂತಿದೆ ಅಂತ ತೋರಿಸುವ ಎಸ್‌ಎಸ್ ಕಮಾಂಡ್ ಕೊಟ್ಟು ನೋಡಿದೆ, ವಿಂಡೋಸ್‌ನಲ್ಲಾದರೆ ನೆಟ್‌ಸ್ಟ್ಯಾಟ್. ನನ್ನ ಪ್ರೋಗ್ರಾಂ 5000ನೇ ಪೋರ್ಟಿನಲ್ಲಿ ಕೂತಿತ್ತು, ಆದರೆ 127.0.0.1ಕ್ಕೆ ಮಾತ್ರ, ಅಂದರೆ ಆ ಕಂಪ್ಯೂಟರಿನ ಒಳಗಿನಿಂದಲೇ ಬಂದ ಕರೆಗೆ ಮಾತ್ರ. ಅದನ್ನು 0.0.0.0, ಅಂದರೆ ಹೊರಗಿನ ಯಂತ್ರಗಳ ಕರೆಗೂ ಅಂತ ಮಾಡಿದ ಕೂಡಲೇ ಫೋನ್ ಸೇರಿತು. ಹೋಂಸ್ಟೇ ನಡೆಸುವವರು ಇಲ್ಲಿ ದಯವಿಟ್ಟು ಜೋಪಾನ, ನಿಮ್ಮ ವೈಫೈ ಹಿಡಿದ ಅತಿಥಿಗಳ ಫೋನಿಗೂ ಆ ಬಾಗಿಲು ತೆರೆದಿರುತ್ತದೆ. ಪಾಸ್‌ವರ್ಡ್ ಇಡಿ, ಅತಿಥಿಗಳಿಗೆ ಬೇರೆ ವೈಫೈ ಕೊಡಿ.

ಆಮೇಲೆ ಜುಲೈ ಬಂತು. ಗಾಳಿಗೆ ಲೈನ್ ಮೇಲೆ ಮರ ಬಿತ್ತು, ಕರೆಂಟ್ ಹೋಯಿತು, ಬಂತು, ಮತ್ತೆ ರೆಫ್ಯೂಸ್ಡ್. ರೂಟರ್ ಹೊಸದಾಗಿ ಶುರುವಾದಾಗ ಕಂಪ್ಯೂಟರಿಗೆ ಬೇರೆ ವಿಳಾಸ ಕೊಟ್ಟಿತ್ತು. ಹಳೆಯದು ಟೀವಿಗೆ ಹೋಗಿತ್ತು. ಈ ಸಲ ಇಲ್ಲ ಅನ್ನುತ್ತಿದ್ದದ್ದು ಟೀವಿ! ಈಗ ರೂಟರಿನ ಸೆಟ್ಟಿಂಗ್‌ನಲ್ಲೇ ಕಂಪ್ಯೂಟರಿಗೆ ಒಂದು ವಿಳಾಸ ಕಾಯಂ ಮಾಡಿದ್ದೇನೆ. ಮೊನ್ನೆ ರಾತ್ರಿ ಮೂರು ಸಲ ಕರೆಂಟ್ ಹೋಗಿತ್ತು. ಬೆಳಿಗ್ಗೆ 2 ಇಂಚು 40 ಸೆಂಟು ಅಂತ ಒತ್ತಿದೆ, ಒಳಗೆ ಬಂದು ನೋಡಿದರೆ ಕಂಪ್ಯೂಟರಿನಲ್ಲಿ ಅದು ಆಗಲೇ ಬಂದು ಕೂತಿತ್ತು. ನಮಸ್ಕಾರ.